ಏಳು ಸೊನ್ನೆ

ಪಿಸಪ್ಪ ಎಂದು ಹೆಸರಿಟ್ಟವಳು ನಾನೇ. ಅವನ ಹೆತ್ತವರು ಇಟ್ಟ ಹೆಸರೇನೋ ಚೆನ್ನಾಗಿಯೇ ಇತ್ತು. ಆದರೆ ಮೂವತ್ತೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕುಳಿತು ಪಿಸಪಿಸ ಅಂದವನನ್ನು ಇನ್ನೇನೆಂದು ಕರೆಯುವುದು? ನಮ್ಮ ನಾಟಕಮಂದಿರದಲ್ಲಿ ಅವನ ಕೆಲಸ ನಟರಿಗೆ ಮಾತು ಕೊಡುವುದು. ವೇದಿಕೆಯ ಎಡಗಡೆ, ಪರದೆಯ ಮರೆಯಲ್ಲಿ ಒಂದು ಮೂರು ಕಾಲಿನ ಸ್ಟೂಲು, ತಲೆಗೆ ತಾಗುವಂತೆ ಒಂದು ಸಣ್ಣ ಬಲ್ಬು, ತೊಡೆಯ ಮೇಲೆ ನಾಟಕದ ಪ್ರತಿ. ಯಾರಾದರೂ ಮಾತು ಮರೆತು ನಿಂತರೆ ಮುಂದಿನ ಸಾಲಿನ ಮೊದಲ ಪದವನ್ನು ಉಸಿರಿನಲ್ಲೇ ಅವರ ಕಿವಿಗೆ ಮುಟ್ಟಿಸಬೇಕು. ಮೊದಲ ಪದ ಮಾತ್ರ. ಎರಡನೆಯದನ್ನೂ ಕೊಡುವವನಿಗೆ ಕೆಲಸ ಗೊತ್ತಿಲ್ಲ ಎಂದು ಅವನ ಅಭಿಪ್ರಾಯ.

ನಾನು ಅದೇ ಮಂದಿರದ ಟೇಲರ್. ನನ್ನ ಕೋಣೆ ಅವನ ಸ್ಟೂಲಿನ ಹಿಂದೆಯೇ. ಬಾಗಿಲು ತೆರೆದಿಟ್ಟರೆ ಅವನ ಬೆನ್ನು, ಅದರಾಚೆ ವೇದಿಕೆಯ ಒಂದು ಚೂರು ಕಾಣುತ್ತಿತ್ತು. ಜೀವಮಾನದಲ್ಲಿ ನಾನು ನೋಡಿದ ನಾಟಕವೆಲ್ಲ ಪಿಸಪ್ಪನ ಕಿವಿಯ ಪಕ್ಕದಿಂದ ನೋಡಿದ್ದೇ.

ಅವನೂ ಬಂದದ್ದು ನಟನಾಗಲೆಂದು. ದನಿ ತೆಳು, ಮೂರನೇ ಸಾಲು ದಾಟುವುದಿಲ್ಲ ಎಂದು ಆಗಿನ ಯಜಮಾನರು ಹದಿನೈದು ದಿನದ ಮಟ್ಟಿಗೆ ಸ್ಟೂಲಿನ ಮೇಲೆ ಕೂರಿಸಿದರು. "ಆ ಹದಿನೈದು ದಿನ ಇನ್ನೂ ಮುಗಿದಿಲ್ಲ ಅಕ್ಕಾ," ಎಂದು ತಮಾಷೆ ಮಾಡುತ್ತಿದ್ದ. ಹತ್ತು ವರ್ಷವಾದ ಮೇಲೆ ನಾನು ನಗುವುದನ್ನು ಬಿಟ್ಟೆ. ಅವನು ಹೇಳುವುದನ್ನು ಬಿಡಲಿಲ್ಲ.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸಿದವರಿಲ್ಲ. ಮಾತು ಕೊಡುವುದು ದೊಡ್ಡ ವಿದ್ಯೆಯೇನಲ್ಲ. ಯಾವಾಗ ಕೊಡಬಾರದು ಎಂಬುದೇ ವಿದ್ಯೆ. ನಟ ಸುಮ್ಮನೆ ನಿಂತಿದ್ದಾನೆ ಅಂದರೆ ಒಂದೋ ಬೇಕೆಂದೇ ನಿಂತಿದ್ದಾನೆ, ಇಲ್ಲವೇ ಮರೆತಿದ್ದಾನೆ. ನೋಡುವವರಿಗೆ ಎರಡೂ ಒಂದೇ. ಅದಕ್ಕಾಗಿ ಪಿಸಪ್ಪ ಒಂದು ಪದ್ಧತಿ ಮಾಡಿಕೊಂಡಿದ್ದ. ಎಲ್ಲಿ ಎಷ್ಟು ಹೊತ್ತು ಸುಮ್ಮನಿರುತ್ತೇವೆಂದು ನಟರು ತಾಲೀಮಿನಲ್ಲೇ ಅವನಿಗೆ ಹೇಳಬೇಕು. ಅವನು ತನ್ನ ಪ್ರತಿಯಲ್ಲಿ ಆ ಜಾಗದಲ್ಲಿ ಪೆನ್ಸಿಲಿನಿಂದ ಸೊನ್ನೆ ಹಾಕುತ್ತಿದ್ದ. ಒಂದು ಉಸಿರಿಗೆ ಒಂದು ಸೊನ್ನೆ. ಹೊಸಬರು ಒಂದು ಹಾಕಿಸಿಕೊಳ್ಳುವುದಕ್ಕೇ ಹೆದರುತ್ತಿದ್ದರು. ಗೋಡೆ ಗೋಡೆಯ ಪೋಸ್ಟರಿನಲ್ಲಿ ಮುಖವಿದ್ದ ನಮ್ಮ ದೊಡ್ಡ ನಟ ಒಮ್ಮೆ ಐದು ಹಾಕಿಸಿದ್ದ. ಅದೇ ನಮ್ಮಲ್ಲಿ ಹೆಚ್ಚಿನದು.

ಸೊನ್ನೆ ಇಲ್ಲದ ಕಡೆ ಯಾರಾದರೂ ನಿಂತುಬಿಟ್ಟರೆ ಪಿಸಪ್ಪ ಅವರ ಕಾಲು ನೋಡುತ್ತಿದ್ದ. ಹಲಗೆ ಸದ್ದು ಮಾಡಬಾರದೆಂದು ನಮ್ಮಲ್ಲಿ ಎಲ್ಲರೂ ಬರಿಗಾಲಿನಲ್ಲೇ ಆಡುವುದು. "ಮರೆತವರ ಹೆಬ್ಬೆರಳು ನೆಲ ಒತ್ತುತ್ತೆ ಅಕ್ಕಾ. ಮುಖ ಸುಳ್ಳು ಹೇಳುತ್ತೆ, ಹೆಬ್ಬೆರಳಿಗೆ ಅಷ್ಟು ಬುದ್ಧಿ ಇಲ್ಲ," ಎನ್ನುತ್ತಿದ್ದ. ಬೆರಳು ಒತ್ತಿದರೆ ಕೂಡಲೇ ಮಾತು. ಒತ್ತದಿದ್ದರೆ ಕಾಯುವುದು. ಕಾಲೇ ಕಾಣದಿದ್ದರೆ ಮೂರು ಎಣಿಸಿ ಮಾತು.

ಹೆಂಡತಿ ತೀರಿಕೊಂಡಾಗ ಅವನ ಮಗಳಿಗೆ ಆರು ವರ್ಷ. ಶಾಲೆ ಬಿಟ್ಟ ಮೇಲೆ ನೇರ ನನ್ನ ಕೋಣೆಗೆ ಬರುತ್ತಿದ್ದಳು, ಹೊಲಿಗೆ ಮೇಜಿನ ಕೆಳಗೆ ಬಟ್ಟೆಯ ಚೂರುಗಳ ನಡುವೆ ಕುಳಿತು ಲೆಕ್ಕ ಮಾಡುತ್ತಿದ್ದಳು. ನಾನು ಅವಳನ್ನು ಪುಟ್ಟಿ ಎಂದರೆ ಅವಳು ನನ್ನನ್ನು ಅತ್ತೆ ಎನ್ನುತ್ತಿದ್ದಳು. ನನಗೆ ಮಕ್ಕಳಿಲ್ಲ, ಆ ಒಂದು ಪದಕ್ಕೆ ನಾನು ಎಷ್ಟು ಸೋತಿದ್ದೆನೆಂದು ಹೇಳಿದರೆ ನಗುತ್ತೀರಿ. ಬಾಗಿಲಿನಿಂದ ಅಪ್ಪನ ಪಿಸುದನಿ ಬರುತ್ತಿತ್ತು, ಇವಳು ಮೇಜಿನ ಕೆಳಗೇ ಉಳಿದ ಸಾಲನ್ನು ಮುಗಿಸುತ್ತಿದ್ದಳು. ರಾಜನದು, ಕಳ್ಳನದು, ಮುದುಕಿಯದು, ಯಾವುದಾದರೂ ಸರಿ. ಹನ್ನೆರಡು ದಾಟುವ ಹೊತ್ತಿಗೆ ದನಿಯೂ ಬಂತು. ಅಪ್ಪನದಲ್ಲ, ಎಲ್ಲಿಂದಲೋ ಬಂದ ತುಂಬಿದ ದನಿ. ಅವಳು ಒಳಗೆ "ಅತ್ತೆ, ಕತ್ತರಿ ಎಲ್ಲಿ?" ಎಂದರೆ ಹೊರಗೆ ಟಿಕೆಟ್ ಕೊಡುವವನಿಗೆ ಕೇಳಿಸುತ್ತಿತ್ತು.

ಹತ್ತೊಂಬತ್ತು ತುಂಬಿದ ವರ್ಷ, ನಾನೊಂದು ಕೋಟಿಗೆ ಗುಂಡಿ ಹಾಕುತ್ತಿದ್ದಾಗ, ಅವಳು ಅಪ್ಪನ ಮುಂದೆ ನಿಂತಳು.

"ಅಪ್ಪ, ನಾನು ನಾಟಕಕ್ಕೆ ಸೇರ್ತೀನಿ."

"ಟಿಕೆಟ್ ಕೊಡೋ ಕಡೆಗಾ?"

"ವೇದಿಕೆ ಮೇಲಕ್ಕೆ."

ಪಿಸಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಈ ದಿನ ಬರುತ್ತದೆಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ದೂರದ ಬೆಟ್ಟ ನುಣ್ಣಗೆ ಕಣೇ."

"ನನಗೆಲ್ಲಿ ದೂರ? ಹುಟ್ಟಿದಾಗಿಂದ ಬೆಟ್ಟದ ಬುಡದಲ್ಲೇ ಇದೀನಿ."

"ಅದಕ್ಕೇ ಹೇಳ್ತಿರೋದು. ಜನ ಎದುರುಗಡೆ ಕೂತು ಮುಖ ನೋಡ್ತಾರೆ, ನಾನು ಪಕ್ಕದಲ್ಲಿ ಕೂತು ಬೆವರು ನೋಡ್ತೀನಿ. ನಮ್ಮ ದೊಡ್ಡ ನಟ ಇದಾನಲ್ಲ, ಇವತ್ತಿಗೂ ಆಟ ಶುರುವಾಗೋ ಮುಂಚೆ ಬಕೆಟ್ ಹಿಡ್ಕೊಂಡು ವಾಂತಿ ಮಾಡ್ತಾನೆ. ರಾಣಿ ಪಾರ್ಟು ಮಾಡ್ತಿದ್ದವಳಿಗೆ ನಲವತ್ತಾಯ್ತು ಅಂತ ದಾಸಿ ಪಾರ್ಟು ಕೊಟ್ರು. ಬೇಕಾದ್ರೆ ನಿನ್ನ ಅತ್ತೇನ ಕೇಳು."

ಕೇಳಬೇಕಾಗಿರಲಿಲ್ಲ. ರಾಣಿಯ ಉಡುಪಿನ ಜರಿ ಬಿಚ್ಚಿ ಅದನ್ನೇ ದಾಸಿಯದಾಗಿ ಮಾಡಿಕೊಟ್ಟವಳು ನಾನು. ಅಳತೆ ಕೂಡ ಬದಲಾಯಿಸಬೇಕಾಗಿರಲಿಲ್ಲ.

"ಹಲ್ಲಿನ ಡಾಕ್ಟರ್ ಹತ್ರ ಮುಂದಿನ ಮೇಜಿಗೆ ಒಬ್ಬಳು ಹುಡುಗಿ ಬೇಕಂತೆ," ಎಂದ ಪಿಸಪ್ಪ. "ಬೆಳಗ್ಗೆ ಹೋದ್ರೆ ಸಂಜೆ ಮನೆ. ಕೂರೋಕೆ ಕುರ್ಚಿ, ಮೇಲೆ ಫ್ಯಾನು. ನಾಟಕ ಎಲ್ಲಿಗೂ ಓಡಿಹೋಗಲ್ಲ, ಭಾನುವಾರ ಬಂದು ನೋಡು."

"ಅಷ್ಟು ಕೆಟ್ಟದ್ದಾದ್ರೆ ನೀನ್ಯಾಕೆ ಬಿಡ್ಲಿಲ್ಲ?"

"ನಾನು ಸೇರಿದ್ರೆ ತಾನೇ ಬಿಡೋಕೆ?"

ಅವನು ಕೆಟ್ಟ ತಂದೆಯಲ್ಲ. ಅವನಿಗೆ ಆ ವೃತ್ತಿಯಲ್ಲಿ ಗೊತ್ತಿದ್ದದ್ದು ಒಂದೇ, ಜನ ಮಾತು ಮರೆತು ನಿಲ್ಲುವ ಗಳಿಗೆ. ಸಾವಿರಾರು ಸಲ ಅದನ್ನೇ ನೋಡಿದವನು ಮಗಳನ್ನು ಅಲ್ಲಿ ನಿಲ್ಲಿಸಲು ಹೇಗೆ ಒಪ್ಪುತ್ತಾನೆ? ನನ್ನನ್ನು ಕೇಳಿದಾಗ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಅವಳು ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದೆ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡರು.

ಆ ಚಳಿಗಾಲದಲ್ಲಿ ಇನ್ನೊಂದು ಆಯಿತು. ದೊಡ್ಡ ನಟ ಒಂದು ಕಡೆ, ಸೊನ್ನೆ ಹಾಕಿಸದೆ, ಸುಮ್ಮನೆ ನಿಂತ. ಕಾಲು ಮೇಜಿನ ಹಿಂದಿತ್ತು. ಪಿಸಪ್ಪ ಮೂರು ಎಣಿಸಿ ಮಾತು ಕೊಟ್ಟ. ಪರದೆ ಬಿದ್ದ ಮೇಲೆ ಆ ಮನುಷ್ಯ ಮಂದಿರ ಕಿತ್ತುಹೋಗುವಂತೆ ಕೂಗಾಡಿದ. ತಪ್ಪು ಅವನದೇ, ಆದರೆ ಮುಖ ಗೋಡೆಯ ಮೇಲಿರುವವನಿಗೆ ತಪ್ಪು ಎಲ್ಲಿ ಅಂಟುತ್ತದೆ! ಯಜಮಾನರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಪಿಸಪ್ಪನಿಗೆ ಹೇಳಿದರು: "ನಿಮಗೂ ವಯಸ್ಸಾಯ್ತು. ಇನ್ನೊಂದು ಸಲ ಹೀಗೆ ಮಧ್ಯೆ ಬಾಯಿ ಹಾಕಿದ್ರೆ ಸ್ಟೂಲ್ ತೆಗೆಸಿಬಿಡ್ತೀನಿ." ಮಗಳು ಮೇಜಿನ ಪಕ್ಕದಲ್ಲೇ ಇದ್ದಳು.

ವಸಂತದಲ್ಲಿ, ತಂಗಿಯ ಪಾತ್ರ ಮಾಡುವ ಹುಡುಗಿ ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡಳು. ಯಜಮಾನರಿಗೆ ಪಿಸಪ್ಪನ ಮಗಳ ದನಿ ನೆನಪಾಯಿತು. ಭಾನುವಾರ ಮಧ್ಯಾಹ್ನದ ಒಂದು ಆಟ. ಸೈ ಅನ್ನಿಸಿದರೆ ತಂಡಕ್ಕೆ ಸೇರಿಸಿಕೊಳ್ಳುವುದು. ಪಿಸಪ್ಪನೂ ಒಪ್ಪಿದ, ಒಂದು ಷರತ್ತಿನ ಮೇಲೆ: "ಸರಿಹೋಗ್ಲಿಲ್ಲ ಅಂದ್ರೆ ಸೋಮವಾರ ಹಲ್ಲಿನ ಡಾಕ್ಟರ್ ಹತ್ರ. ಆಮೇಲೆ ಈ ಮಾತು ಎತ್ತಬಾರದು." ಅವಳು ಹೂಂ ಎಂದಳು. ಅಂದಿನಿಂದ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ಉಪ್ಪು ಹುಳಿಯಷ್ಟೇ.

ನಾಟಕದಲ್ಲಿ ಅವಳ ದೃಶ್ಯ ಒಂದೇ ದೊಡ್ಡದು. ಬಹಳ ವರ್ಷದ ಹಿಂದೆ ಮನೆ ಬಿಟ್ಟುಹೋದ ಅಣ್ಣ ಬಂದು ಬಾಗಿಲು ತಟ್ಟುತ್ತಾನೆ. ತಂಗಿ ತೆರೆಯುತ್ತಾಳೆ. ಅವನು ನಗುತ್ತಾ "ಅಮ್ಮ ಎಲ್ಲೇ?" ಎನ್ನುತ್ತಾನೆ. ಅಮ್ಮ ಸತ್ತು ಎರಡು ವರ್ಷವಾಗಿದೆ, ಅವನಿಗೆ ಗೊತ್ತಿಲ್ಲ. ತಂಗಿ ಹೇಳಬೇಕಾದ್ದು: "ಒಳಗೆ ಬಾ. ಮೊದಲು ಕೈಕಾಲು ತೊಳ್ಕೋ." ಪಾದ ಮುರಿದುಕೊಂಡ ಹುಡುಗಿ ಅದನ್ನು ತಟ್ಟನೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜನರೂ ಒರೆಸಿಕೊಳ್ಳುತ್ತಿದ್ದರು.

ಗುರುವಾರ ನನ್ನ ಕೋಣೆಯ ಬಾಗಿಲು ಹಾಕಿ ಪುಟ್ಟಿ ಹೇಳಿದಳು, "ಅತ್ತೆ, ನೀನು ಅಣ್ಣನ ಮಾತು ಹೇಳು. ಆಮೇಲೆ ಎಣಿಸು."

"ಅಮ್ಮ ಎಲ್ಲೇ?" ಎಂದೆ, ಮಶೀನಿನ ಮೇಲೆ ಕೈಯಿಟ್ಟುಕೊಂಡು.

ಅವಳು ಬಾಗಿಲು ಹಿಡಿದಂತೆ ಕೈ ಎತ್ತಿ ನನ್ನನ್ನೇ ನೋಡಿದಳು. ನಾನು ಎಣಿಸಿದೆ. ಮೂರಕ್ಕೆ ನನಗೆ ಮುಜುಗರವಾಯಿತು. ನಾಲ್ಕಕ್ಕೆ, ಇವಳು ಏನಾದರೂ ಹೇಳಬಾರದೇ ಅನ್ನಿಸಿತು. ಐದಕ್ಕೆ ನನಗೆ ಗೊತ್ತಾಗಿಹೋಯಿತು, ಆ ಅಣ್ಣನಿಗೆ ಗೊತ್ತಾಗುವ ಹಾಗೆ. ಆರಕ್ಕೆ ಅವಳ ಕೈ ಬಾಗಿಲಿನಿಂದ ಒಂದಿಷ್ಟು ಜಾರಿತು. ಏಳಕ್ಕೆ "ಒಳಗೆ ಬಾ," ಎಂದಳು, ಬಹಳ ಸಾಧಾರಣವಾಗಿ. ನನ್ನ ತಾಯಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ನಾನು ಆ ಹೊಲಿಗೆ ಮಶೀನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಅಪ್ಪನಿಗೆ ಹೇಳಿ ಸೊನ್ನೆ ಹಾಕಿಸಮ್ಮ," ಎಂದೆ ಮೂಗೊರೆಸಿಕೊಂಡು.

"ಬೇಡ. ಬರೆದಿಟ್ಟಿದ್ರೆ ಅವನು ಕೇಳಿಸ್ಕೊಳ್ಳಲ್ಲ ಅತ್ತೆ, ಎಣಿಸ್ತಾನೆ. ಒಂದು ಸಲ ಕೇಳಿಸ್ಕೊಳ್ಳಲಿ."

"ಮರೆತಿದೀಯ ಅಂದ್ಕೊಂಡ್ರೆ?"

"ಕಾಲು ನೋಡ್ತಾನಲ್ಲ. ನನ್ನ ಹೆಬ್ಬೆರಳು ಒತ್ತಲ್ಲ. ನೀನು ಮಾತ್ರ ಹೇಳಬಾರದು, ನನ್ನಾಣೆ," ಎಂದು ತನ್ನ ಪಾತ್ರದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಳು.

ಭಾನುವಾರ ಪರದೆ ಏಳಲು ಅರ್ಧ ಗಂಟೆ ಇರುವಾಗ ಮುಖ ಬಿಳಿಚಿಕೊಂಡು ಬಂದಳು. "ಅತ್ತೆ, ಕಾಲು ನಡುಗ್ತಿದೆ. ಮುಂದಿನ ಸಾಲಿನವರಿಗೆ ಕಾಣುತ್ತೆ." ಇದಕ್ಕೇನು ಮಹಾ, ಎಂದೆ. ನಲವತ್ತು ವರ್ಷ ಕೈಪಳಗಿದ ಟೇಲರ್ ನಾನು. ಲಂಗದ ಅಂಚಿನ ಮಡಿಕೆ ಬಿಚ್ಚಿ ಎರಡು ಬೆರಳು ಇಳಿಸಿ ಓಡುಹೊಲಿಗೆ ಹಾಕಿದೆ. ಲಂಗ ನೆಲ ಮುಟ್ಟಿತು, ಪಾದ ಮುಚ್ಚಿತು. ಅವಳು ನನ್ನ ಕೆನ್ನೆಗೆ ಮುತ್ತಿಟ್ಟು ಹೋದಳು. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಣ್ಣ ಬಾಗಿಲು ತಟ್ಟಿದ. "ಅಮ್ಮ ಎಲ್ಲೇ?" ಎಂದ. ನಾನು ಬಾಗಿಲಲ್ಲಿ ನಿಂತು ಎಣಿಸತೊಡಗಿದೆ. ಒಂದು. ಮಂದಿರದಲ್ಲಿ ಕೆಮ್ಮು ನಿಂತಿತು. ಎರಡು. ಪಿಸಪ್ಪನ ಕುತ್ತಿಗೆ ಮುಂದಕ್ಕೆ ಬಾಗಿತು. ಅವನು ಪ್ರತಿ ನೋಡಿದ, ಸೊನ್ನೆ ಇಲ್ಲ. ಕಾಲು ನೋಡಿದ. ಕಂಡದ್ದು ನನ್ನ ಹೊಲಿಗೆ. ಆಗ ನನಗೆ ಹೊಳೆಯಿತು. ಅವನ ಭುಜ ಮುಟ್ಟಲು ನಾಲ್ಕು ಹೆಜ್ಜೆ ಇತ್ತು, ನಾನು ಎರಡು ಹಾಕಿದ್ದೆ.

"ಒಳಗೆ!" ಎಂದ ಪಿಸಪ್ಪ.

ಒಟ್ಟು ಮೂವತ್ತೊಂದು ವರ್ಷದಲ್ಲಿ ಅವನ ದನಿ ಮೂರನೇ ಸಾಲು ದಾಟಿದ್ದು ಅದೊಂದೇ ಸಲ. ಅದು ಮಾತು ಕೊಡುವವನ ದನಿಯಲ್ಲ, ಮಗು ರಸ್ತೆಗೆ ಓಡಿದಾಗ ಕೂಗುವ ಅಪ್ಪನ ದನಿ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಿಂದಕ್ಕೆ ಹರಡಿತು. ಪುಟ್ಟಿ ಪರದೆಯ ಕಡೆ ತಿರುಗಲಿಲ್ಲ. ಅಪ್ಪ ಕೊಟ್ಟ ಮಾತು ತೆಗೆದುಕೊಂಡಳು. "ಒಳಗೆ ಬಾ. ಮೊದಲು ಕೈಕಾಲು ತೊಳ್ಕೋ," ಎಂದು ಹೇಳಿ, ಉಳಿದದ್ದನ್ನೆಲ್ಲ ಒಂದು ಅಕ್ಷರ ತಪ್ಪದೆ ಆಡಿ ಮುಗಿಸಿದಳು.

ಹೊರಗೆ ಬರುವಾಗ ಲಂಗ ತುಳಿದು ಅಂಚು ಹರಿದಿತ್ತು. ನಾನು ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡು ಅದನ್ನು ಸೇರಿಸುತ್ತಿದ್ದಾಗ ಯಜಮಾನರು ಬಂದರು. ಹಿಂದೆಯೇ ಪಿಸಪ್ಪ, ಬೆವತುಹೋಗಿದ್ದ.

"ಏನಾಯ್ತಮ್ಮ ಅಲ್ಲಿ?" ಎಂದರು ಯಜಮಾನರು. "ಮರೆತೆಯಾ? ಇಲ್ಲ, ಇವರೇ ಮಧ್ಯೆ ಬಾಯಿ ಹಾಕಿದ್ರಾ?"

ಅವಳು ಅಪ್ಪನನ್ನು ನೋಡಿದಳು. ನಾನು ತಲೆಯೆತ್ತಿದೆ, ಅವಳ ಕಾಲು ನನ್ನ ಕೈಯನ್ನು ಮೆಲ್ಲಗೆ ಒತ್ತಿತು.

"ಮರೆತೆ," ಎಂದಳು.

ಸೂಜಿ ಉಗಿದು ಮಾತಾಡಲು ಎಷ್ಟು ಹೊತ್ತು ಬೇಕು? ನಾನು ಉಗಿಯಲಿಲ್ಲ. ಮಾತಾಡಿದ್ದರೆ ಅವಳಿಗೆ ವೇದಿಕೆ, ಅವನಿಗೆ ಬೀದಿ. ಆ ಲೆಕ್ಕವನ್ನು ಹತ್ತೊಂಬತ್ತರ ಹುಡುಗಿ ನನಗಿಂತ ಬೇಗ ಮಾಡಿದ್ದಳು. "ದನಿ ಚೆನ್ನಾಗಿದೆ, ಆದ್ರೆ ಮರೆವಿಗೆ ಮದ್ದಿಲ್ಲ," ಎಂದು ಯಜಮಾನರು ಹೋದರು. ಪಿಸಪ್ಪ ಮಗಳ ತಲೆ ಸವರಿದ. "ಇರ್ಲಿ ಬಿಡು ಮಗಳೇ. ನಾನಿದ್ನಲ್ಲ, ಹಿಡ್ಕೊಂಡೆ." ಅವನ ಮುಖದಲ್ಲಿ ದುಃಖವಿತ್ತು, ಸುಳ್ಳು ಹೇಳಬಾರದು. ಅದರ ಕೆಳಗೆ ನೆಮ್ಮದಿಯೂ ಇತ್ತು. ಆ ನೆಮ್ಮದಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸೋಮವಾರ ಬೆಳಗ್ಗೆ ಪದ್ಧತಿಯಂತೆ ಅವಳು ತನ್ನ ಪಾತ್ರದ ಮಾತು ಬರೆದುಕೊಂಡಿದ್ದ ನೋಟ್‌ಬುಕ್ಕನ್ನು ಅಪ್ಪನ ಕೈಗೆ ಒಪ್ಪಿಸಿದಳು. ಅವನು ತೆರೆಯದೆ ಕಪಾಟಿನಲ್ಲಿಟ್ಟ. ಹತ್ತು ಗಂಟೆಗೆ ಅವಳು ಹಲ್ಲಿನ ಡಾಕ್ಟರ ಮುಂದಿನ ಮೇಜಿನಲ್ಲಿದ್ದಳು.

ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಪಿಸಪ್ಪ ದೊಡ್ಡ ಬುದ್ಧಿ ಹೇಳುವವನಾದ. ನಾಟಕದ ಹುಚ್ಚು ಹಿಡಿದ ಮಕ್ಕಳನ್ನು ಅಪ್ಪ ಅಮ್ಮಂದಿರು ಅವನ ಹತ್ತಿರ ಕರೆತರುತ್ತಿದ್ದರು. ಅವನು ಸ್ಟೂಲಿನ ಮೇಲೆ ಕುಳಿತೇ ಕಥೆ ಹೇಳುತ್ತಿದ್ದ: "ನನ್ನ ಮಗಳೂ ಹೀಗೇ ಹಟ ಹಿಡಿದಿದ್ಲು. ಒಂದೇ ಆಟ. ಬಾಗಿಲಲ್ಲಿ ನಿಂತವಳಿಗೆ ಮಾತೇ ಹೊರಡಲಿಲ್ಲ. ನಾನಿಲ್ದೇ ಇದ್ದಿದ್ರೆ ಅವತ್ತು ಮಾನ ಹೋಗ್ತಿತ್ತು. ಈಗ ನೋಡಿ, ಹಾಯಾಗಿದಾಳೆ." ನಾನು ಒಳಗೆ ಮಶೀನು ಜೋರಾಗಿ ತುಳಿಯುತ್ತಿದ್ದೆ. ಅವನು ತಿರುಗಿ, "ಸ್ವಲ್ಪ ನಿಲ್ಸಿ ಅಕ್ಕಾ, ಮಾತಾಡ್ತಿದೀವಿ," ಎನ್ನುತ್ತಿದ್ದ.

ಕೊನೆಗೆ ಸ್ಟೂಲು ಹೋಯಿತು. ಯಾವ ತಪ್ಪಿಗೂ ಅಲ್ಲ. ಹೊಸ ಯಜಮಾನರು ನಟರ ಕಿವಿಯೊಳಗಿಟ್ಟು ಮಾತು ಕೇಳಿಸುವ, ಕಾಳಿನಷ್ಟು ಸಣ್ಣ ಯಂತ್ರ ತಂದರು. ಪಿಸಪ್ಪ ಕಪಾಟು ಖಾಲಿ ಮಾಡಿ ಪ್ರತಿಗಳನ್ನೆಲ್ಲ ಚೀಲದಲ್ಲಿ ತುಂಬುತ್ತಿದ್ದ. ನಾನು ಕತ್ತರಿಗೆ ಎಣ್ಣೆ ಹಾಕುತ್ತಿದ್ದೆ. ಬಹಳ ಹೊತ್ತು ಸದ್ದಿಲ್ಲದ್ದರಿಂದ ತಿರುಗಿ ನೋಡಿದರೆ, ಬಾಗಿಲಲ್ಲಿ ಪುಟ್ಟಿಯ ನೋಟ್‌ಬುಕ್ ಹಿಡಿದು ನಿಂತಿದ್ದ. "ಒಳಗೆ ಬಾ" ಎಂಬುದರ ಹಿಂದೆ, ಅವನದೇ ರೀತಿಯಲ್ಲಿ, ಪೆನ್ಸಿಲಿನಿಂದ ಹಾಕಿದ ಸೊನ್ನೆಗಳು.

"ಇದು ಯಾವಾಗ ಹಾಕಿದ್ದು ಅಕ್ಕಾ?"

"ಆಟದ ಮುಂಚೆ. ಗುರುವಾರ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಪ್ಪ. ಆಣೆ ಹಾಕಿಸ್ಕೊಂಡಿದ್ಲು. ಲಂಗ ಇಳಿಸಿದ್ದೂ ನಾನೇ. ಬೈಯೋದಿದ್ರೆ ನನ್ನನ್ನ ಬೈ."

ಅವನು ಬೈಯಲಿಲ್ಲ. ಬೆರಳಿಟ್ಟು ಒಂದೊಂದೇ ಸೊನ್ನೆ ಎಣಿಸಿದ. ಇನ್ನೊಂದು ಸಲ ಎಣಿಸಿದ.

"ಏಳು," ಎಂದ. "ಏಳರವರೆಗೆ ಯಾರೂ ಹೋಗಿಲ್ಲ. ನಮ್ಮ ದೊಡ್ಡ ನಟನೇ ಐದಕ್ಕೆ ನಿಲ್ಸಿದ್ದ." ಆಮೇಲೆ ಗೋಡೆ ಹಿಡಿದು ಕೆಳಗೆ ಕುಳಿತ. "ಅವಳಿಗೆ ಬರ್ತಿತ್ತು ಅಕ್ಕಾ. ಬರ್ತಿತ್ತು ಅವಳಿಗೆ."

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟ. ಹೇಳಿಬಿಡಬೇಕು, ತಪ್ಪಾಯಿತೆಂದು ಕೇಳಬೇಕು ಎಂದು ಬಸ್ಸಿನಲ್ಲಿ ಮೂರು ಸಲ ನನ್ನ ಮುಂದೆ ತಾಲೀಮು ಮಾಡಿದ. ನೋಟ್‌ಬುಕ್ ಕೈಚೀಲದಲ್ಲಿತ್ತು.

ಪ್ಲಾಸ್ಟಿಕ್ ಕುರ್ಚಿಗಳ ಉದ್ದನೆಯ ಕೋಣೆ. ಕೆನ್ನೆ ಹಿಡಿದುಕೊಂಡ ಹತ್ತು ಹನ್ನೆರಡು ಜನ. ಆಚೆ ತುದಿಯ ಮೇಜಿನಲ್ಲಿ ಪುಟ್ಟಿ, ಚೀಟಿ ನೋಡಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. "ಒಳಗೆ ಬನ್ನಿ." ಮತ್ತೊಬ್ಬರು. "ಒಳಗೆ ಬನ್ನಿ." ದಿನಕ್ಕೆ ಐವತ್ತು ಸಲವಾದರೂ ಹೇಳುತ್ತಿದ್ದಳೇನೋ. ಬೀದಿಯವರೆಗೂ ಕೇಳುವ ಆ ದನಿಗೆ ಯಾರೂ ತಲೆಯೆತ್ತುತ್ತಿರಲಿಲ್ಲ.

ಪಿಸಪ್ಪ ಮೇಜಿನ ಮುಂದೆ ಹೋಗಿ ನಿಂತ. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ಕಿನ ನೀಲಿ ರಟ್ಟು ನೋಡಿದಳು. ಅವನು ಬಾಯಿ ತೆರೆದ. ಮಾತು ಬರಲಿಲ್ಲ. ನಾನು ಕೆಳಗೆ ನೋಡಿದೆ. ಚಪ್ಪಲಿಯಲ್ಲಿ ಅವನ ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿಕೊಂಡಿತ್ತು. ಅವಳೂ ಅಲ್ಲೇ ನೋಡುತ್ತಿದ್ದಳು. ಅವಳು ಕಾದಳು. ಏಳಕ್ಕಿಂತ ಹೆಚ್ಚೇ ಕಾದಳು.

ಆಮೇಲೆ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, "ಹಲ್ಲು ನೋವಾ ಅಪ್ಪ?" ಎಂದಳು.

ಮಗಳು ಕೊಟ್ಟ ಮಾತು ಅವನು ತೆಗೆದುಕೊಂಡ. "ಹೂಂ ಕಣೇ. ಹಲ್ಲು ನೋವು. ಎಡಗಡೆ."

"ಒಳಗೆ ಬಾ."

ಅವನು ಚೀಲ ನನ್ನ ಕೈಗೆ ಕೊಟ್ಟು ಒಳಗೆ ಹೋದ. ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ತೆರೆದು ಕೂಡ ನೋಡದೆ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ನನ್ನ ಮುಖ ನೋಡಲಿಲ್ಲ. ಇನ್ನೊಂದು ಚೀಟಿ ಎತ್ತಿಕೊಂಡಳು.

ಅರ್ಧ ಗಂಟೆಯಾದ ಮೇಲೆ ಪಿಸಪ್ಪ ಬಾಯಿ ತುಂಬ ಹತ್ತಿ ಕಚ್ಚಿಕೊಂಡು ಹೊರಬಂದ. ಕಿತ್ತ ಹಲ್ಲು ನಿಜಕ್ಕೂ ಹುಳುಕಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಚೀಲದೊಳಗೆ ನೋಡಿದ, ನೋಟ್‌ಬುಕ್ ಇರಲಿಲ್ಲ. ಮಗಳ ಕಡೆ ನೋಡಿದ. ಹತ್ತಿಯ ಹಿಂದೆ ಏನೋ ಹೇಳಲು ಹೋದ.

"ಮಾತಾಡಬಾರದು ಅಪ್ಪ," ಎಂದಳು ಅವಳು, ಚೀಟಿಯಲ್ಲಿ ಬರೆಯುತ್ತಾ. "ರಕ್ತ ನಿಲ್ಲಬೇಕು. ಎರಡು ಗಂಟೆ ಏನೂ ಮಾತಾಡಬಾರದು."

ಅವನು ತಲೆಯಾಡಿಸಿದ. ಅದಾಗಿ ಮೂರು ವರ್ಷವಾಯಿತು, ಆ ವಿಷಯ ಇಬ್ಬರೂ ಎತ್ತಿಲ್ಲ.